ಟ್ಯಾಂಕ್ ಮಾವನ ಹೆಪ್ಪು

ಇನ್ನೂರು ಮನೆಗಳ ಆ ವಸತಿ ಕಟ್ಟಡದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ಟ್ಯಾಂಕ್ ಮಾವ. ಅಷ್ಟೂ ಮನೆಗಳ ಕೊಳಚೆ ನೀರು ನೆಲಮಾಳಿಗೆಯ ತೊಟ್ಟಿಗೆ ಬಂದು ಬೀಳುತ್ತಿತ್ತು. ಅದನ್ನು ಗಿಡಗಳಿಗೆ ಬಿಡುವಷ್ಟು ತಿಳಿ ಮಾಡಿ ಕಳಿಸುವುದು ಹತ್ತೊಂಬತ್ತು ವರ್ಷಗಳಿಂದ ಅವನ ಕೆಲಸ. ಅವನನ್ನು ಕೇಳಿದರೆ ಕೆಲಸ ಅವನದಲ್ಲವೇ ಅಲ್ಲ, ತೊಟ್ಟಿಯೊಳಗಿನ ಕೋಟ್ಯಂತರ ಬ್ಯಾಕ್ಟೀರಿಯಾಗಳದ್ದು. ತಾನು ಬರೀ ಅವುಗಳ ಉಸಿರಿಗೆ ಯಂತ್ರದಿಂದ ಗಾಳಿ ಊದಿಸುವವನು. ಅವುಗಳನ್ನು ‘ನಮ್ಮ ಹುಡುಗರು’ ಎಂದೇ ಕರೆಯುತ್ತಿದ್ದ.

ಯಾರಾದರೂ ಕಕ್ಕಸಿಗೆ ಆಸಿಡ್ ಸುರಿದರೆ ಮಾವನ ಪಿತ್ತ ನೆತ್ತಿಗೇರುತ್ತಿತ್ತು. ಪತ್ತೆ ಹಚ್ಚಿ, ಮೆಟ್ಟಿಲು ಹತ್ತಿ, ಬಾಗಿಲು ತಟ್ಟುತ್ತಿದ್ದ. “ನಿಮ್ಮ ಕಕ್ಕಸು ಬೆಳ್ಳಗಾಯ್ತು ಅಕ್ಕ, ಕೆಳಗೆ ನಮ್ಮ ಹುಡುಗರೆಲ್ಲ ಸತ್ರು!” ಎನ್ನುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರು. ಹಾಗೆ ತೊಟ್ಟಿ ಸತ್ತರೆ ಬೇರೆ ಕಡೆಯ ಒಳ್ಳೆಯ ತೊಟ್ಟಿಯಿಂದ ಬ್ಯಾಕ್ಟೀರಿಯಾ ತುಂಬಿದ ನಾಲ್ಕು ಡ್ರಮ್ ಕೆಸರು ತಂದು ಸುರಿದು, ಎರಡು ವಾರ ಕಾಯಬೇಕು. ಹಾಲಿಗೆ ಹಾಕುವಂತೆ ಇದಕ್ಕೂ ಅವನು ಹೆಪ್ಪು ಎಂದೇ ಹೇಳುತ್ತಿದ್ದ.

ಇಷ್ಟೆಲ್ಲ ಬಲ್ಲವನು ತನ್ನ ಹೊಟ್ಟೆಯ ವಿಷಯದಲ್ಲಿ ಶುದ್ಧ ಪೆದ್ದ. ರಜೆ ಹಾಕಿದರೆ ತೊಟ್ಟಿ ನೋಡುವವರಿಲ್ಲವೆಂದು, ಹೊಟ್ಟೆ ಕೆಟ್ಟರೂ ಮೈ ಬಿಸಿಯಾದರೂ ಔಷಧಿ ಅಂಗಡಿಯಿಂದ ತಾನೇ ಆಂಟಿಬಯಾಟಿಕ್ ತಂದು ನುಂಗುತ್ತಿದ್ದ. ಜೊತೆಗೆ ಬೆನ್ನುನೋವಿಗೆ ದಿನಕ್ಕೊಂದು ಗುಳಿಗೆ. ಕಾಲು ಊದಿ ಚಪ್ಪಲಿ ಹಿಡಿಸದಂತಾದಾಗ ಹೆಂಡತಿ ಆಸ್ಪತ್ರೆಗೆ ಎಳೆದೊಯ್ದಳು. ಕಿಡ್ನಿಯ ಶಕ್ತಿ ನೂರಕ್ಕೆ ಹದಿನೆಂಟು ಪಾಲು ಮಾತ್ರ ಉಳಿದಿತ್ತು. ಇನ್ನೂ ಇಳಿದರೆ ವಾರಕ್ಕೆ ಮೂರು ದಿನ ಡಯಾಲಿಸಿಸ್.

ನುಂಗಿದ್ದೆಲ್ಲದರ ಲೆಕ್ಕ ಕೇಳಿ ಡಾಕ್ಟರಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

“ನೋಡಿಕೊಳ್ಳದೆ ಬಿಟ್ಟ ಬಿಪಿ, ನೋವಿನ ಗುಳಿಗೆ, ಎರಡೂ ಸೇರಿ ಕಿಡ್ನಿ ಹಾಳು ಮಾಡಿವೆ. ಅದರ ಮೇಲೆ ಈ ಆಂಟಿಬಯಾಟಿಕ್ ಬೇರೆ. ಕರುಳಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಇರ್ತವೆ. ಅವನ್ನ ಕೊಂದ್ರೆ ಉಳಿದವು ತಿಂದಿದ್ದನ್ನ ಕೊಳೆಸಿ ವಿಷ ಮಾಡ್ತವೆ. ಅದು ರಕ್ತಕ್ಕೆ ಸೇರುತ್ತೆ. ಹೊರಗೆ ಹಾಕೋ ಕೆಲಸ ಮತ್ತೆ ಸೋತಿರೋ ಕಿಡ್ನಿಗೇ.”

ಮಾವನಿಗೆ ತನ್ನ ತೊಟ್ಟಿ ನೆನಪಾಯಿತು. ಈ ಸಲ ಆಸಿಡ್ ಸುರಿದವನು ತಾನೇ. ಯಾರ ಬಾಗಿಲು ತಟ್ಟುವುದು?

“ಹಾಗಾದ್ರೆ ಹೆಪ್ಪು ಹಾಕಿಬಿಡಿ ಅಮ್ಮ. ಎರಡು ವಾರ ಕಾಯ್ತೀನಿ,” ಎಂದ.

ಹೆಂಡತಿ ನಾಚಿಕೊಂಡೇ ತೊಟ್ಟಿಯ ಕಥೆ ಬಿಡಿಸಿ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ.

“ಕರುಳಿಗೂ ಅಂಥ ಹೆಪ್ಪು ಹಾಕೋ ಪ್ರಯತ್ನಗಳು ನಡೀತಿವೆ. ಕಿಡ್ನಿಗೆ ಅದರಿಂದ ಎಷ್ಟು ಉಪಯೋಗ ಅಂತ ಇನ್ನೂ ಗೊತ್ತಿಲ್ಲ. ನಾನು ಹೇಳಿದ ಊಟ ಮಾಡಿ, ನನ್ನ ಕೇಳದೆ ಒಂದು ಗುಳಿಗೇನೂ ನುಂಗಬೇಡಿ. ಹೊಟ್ಟೆಯ ಬ್ಯಾಕ್ಟೀರಿಯಾ ಚೇತರಿಸಿಕೊಂಡಾವು. ಹೋದ ಕಿಡ್ನಿಗೆ ಮಾತ್ರ ಹೆಪ್ಪಿಲ್ಲ. ಇರೋ ಹದಿನೆಂಟನ್ನ ಉಳಿಸಿಕೊಳ್ಳೋಣ.”

ಕಟ್ಟಡದ ಹಿಂದಿನ ತಮ್ಮ ಒಂದೇ ಕೋಣೆಯ ಮನೆಗೆ ಬಂದದ್ದೇ ತಡ, ಹೆಂಡತಿ ಹಾಸಿಗೆಯಡಿ, ಡಬ್ಬಿಯೊಳಗೆ, ಅವನ ಅಂಗಿಯ ಜೇಬಿನಲ್ಲಿದ್ದ ಗುಳಿಗೆಗಳನ್ನೆಲ್ಲ ಹುಡುಕಿ ತೆಗೆದಳು.

“ತಗೊಳ್ಳಿ ನಿಮ್ಮ ಆಸಿಡ್ಡು!” ಎಂದು ಅವನ ಬೊಗಸೆಗೆ ಸುರಿದು ಮುಖ ತಿರುಗಿಸಿಕೊಂಡಳು.

ಅವನು ತನ್ನ ಮೇಲಿನ ಸಿಟ್ಟಿನಿಂದ ಒಂದೊಂದೇ ಗುಳಿಗೆ ಬಿಡಿಸಿ, ಮುಷ್ಟಿ ತುಂಬಿಕೊಂಡು ಕಕ್ಕಸಿಗೆ ಹೋದ. ಕೆಳಗೆ ತೊಟ್ಟಿಯ ಗಾಳಿಯ ಯಂತ್ರ ಗುಂಯ್‌ಗುಡುತ್ತಿತ್ತು. ಚಾಚಿದ ಕೈ ಅಲ್ಲೇ ನಿಂತಿತು.

“ಏನಾಯ್ತು? ಹಾಕಿ, ನೀರು ಬಿಡಿ!”

“ಕೆಳಗೆ ತೊಟ್ಟಿಗೆ ಹೋಗುತ್ತೆ ಕಣೇ,” ಎಂದ. “ನಮ್ಮ ಹುಡುಗರಾದ್ರೂ ಬದುಕಿಕೊಳ್ಳಲಿ.”

ಗುಳಿಗೆಗಳನ್ನು ಬಿಗಿಯಾಗಿ ಹಿಡಿದು ಅಲ್ಲೇ ಕುಕ್ಕರಿಸಿದ. ಅಷ್ಟು ವರ್ಷ ತೊಟ್ಟಿಗಾಗಿ ಅತ್ತವನು ಅಂದು ಮೊದಲ ಬಾರಿ ತನಗಾಗಿ ಅತ್ತ.