ಬೆಲ್ಟಿಗೆ ಹಚ್ಚಿದ ರಾಳ

ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸಕ್ಕೆ ಸೇರುವ ಮೊದಲು ಹನ್ನೊಂದು ವರ್ಷ ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಬೆಲ್ಟುಗಳನ್ನು ನೋಡಿಕೊಂಡಿದ್ದೆ. ಆಗ ಗಿರಣಿಯ ಸೂರಿನಡಿ ಉದ್ದಕ್ಕೂ ಒಂದು ಉಕ್ಕಿನ ದಂಡ ತಿರುಗುತ್ತಿತ್ತು. ಅದರಿಂದ ಪ್ರತಿ ಮಗ್ಗಕ್ಕೂ ಅಂಗೈಯಗಲದ ಚರ್ಮದ ಬೆಲ್ಟು ಇಳಿದಿರುತ್ತಿತ್ತು. ಅಷ್ಟೂ ಗದ್ದಲದ ನಡುವೆ ಕಣ್ಣು ಮುಚ್ಚಿಕೊಂಡೇ ಯಾವ ಸಾಲಿನ ಎಷ್ಟನೆಯ ಬೆಲ್ಟು ಜಾರುತ್ತಿದೆ ಎಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು. ಜಂಬವೇನೂ ಸುಳ್ಳಾಗಿರಲಿಲ್ಲ, ಎಡವಟ್ಟಾದದ್ದು ಅದರಿಂದಲೇ.

ಜಾರುವ ಬೆಲ್ಟಿಗೆ ಬೇರೆ ಊರುಗಳಲ್ಲಿ ರಾಳವನ್ನು ಕೊಬ್ಬಿನಲ್ಲಿ ಕರಗಿಸಿ ಹಚ್ಚುತ್ತಾರಂತೆ. ನಮ್ಮ ಖಾತೆಯಲ್ಲಿದ್ದವರು ಬಹುಪಾಲು ಲಿಂಗ ಕಟ್ಟಿಕೊಂಡವರು, ನಾನೂ ಅವರಲ್ಲೊಬ್ಬ. ಕೊಬ್ಬಿನ ಡಬ್ಬಿ ಮುಟ್ಟಲು ಯಾರೂ ತಯಾರಿರಲಿಲ್ಲ. ಬೆಲ್ಟೇ ಚರ್ಮದ್ದಲ್ಲವೇ ಎಂದು ಹೊಸಬರು ಯಾರಾದರೂ ಕೆಣಕಿದರೆ ನಮ್ಮ ಮೇಸ್ತ್ರಿ, "ಅದು ಬ್ಯಾರೆ, ಇದು ಬ್ಯಾರೆ, ನಡೀರಿ ಕೆಲ್ಸಕ್ಕೆ" ಎಂದು ಗದರುತ್ತಿದ್ದರು. ಹೀಗಾಗಿ ಕೊಬ್ಬಿನ ಬದಲು ಶೇಂಗಾ ಎಣ್ಣೆ. ಎಣ್ಣೆ ಕಾಯಿಸಿ, ರಾಳದ ಪುಡಿ ಉದುರಿಸಿ, ಬೆಲ್ಲದ ಪಾಕದಂತೆ ಎಳೆ ಬರುವವರೆಗೆ ತಿರುವಿ, ಡಬ್ಬಿಗೆ ತುಂಬಿಡುತ್ತಿದ್ದೆವು. ಚರ್ಮದ ಬೆಲ್ಟಿಗೆ ಒಂದು ಬೊಟ್ಟು ಸವರಿದರೆ ಸಾಕು, ಗಾಲಿಯನ್ನು ಕಚ್ಚಿ ಹಿಡಿಯುತ್ತಿತ್ತು. ಹರಿಹರಕ್ಕೆ ಹೋಗುವಾಗ ನನ್ನ ಬುತ್ತಿಚೀಲದಲ್ಲಿ ಅಂಥದೊಂದು ಡಬ್ಬಿಯನ್ನೂ ಇಟ್ಟುಕೊಂಡು ಹೋದೆ.

ಆ ಕಾರ್ಖಾನೆಯ ಅತಿಥಿಗೃಹದ ಮುಂದೆ ದೊಡ್ಡ ಹುಲ್ಲುಹಾಸು ಇತ್ತು. ಅದನ್ನು ಕತ್ತರಿಸಲು ಒಂದು ಪುಟ್ಟ ಟ್ರ್ಯಾಕ್ಟರು. ಯಂತ್ರಗಳನ್ನು ಕೂರಿಸಲು ಬಂದಿದ್ದ ಪರದೇಶಿ ಇಂಜಿನಿಯರೊಬ್ಬ ತರಿಸಿಕೊಂಡು, ವಾಪಸು ಹೋಗುವಾಗ ಬಿಟ್ಟುಹೋದದ್ದು. ಆಗಲೇ ಹಳೆಯದಾಗಿತ್ತು, ಹಗ್ಗ ಸುತ್ತಿ ಎಳೆದರೆ ಮಾತ್ರ ಹೊತ್ತಿಕೊಳ್ಳುತ್ತಿತ್ತು. ಅದರ ಹೊಟ್ಟೆಯಡಿ ಮಗುಚಿ ಹಾಕಿದ ತಟ್ಟೆಯಂಥ ಒಂದು ಮುಚ್ಚಳ, ಅದರೊಳಗೆ ಎರಡು ಅಲಗು. ಇಂಜಿನ್ನಿನ ಓಟವನ್ನು ಅಲಗುಗಳಿಗೆ ಮುಟ್ಟಿಸುವುದು ಒಂದೇ ಒಂದು ರಬ್ಬರಿನ ಬೆಲ್ಟು. ಪಕ್ಕದ ಸನ್ನೆಕೋಲನ್ನು ಮುಂದಕ್ಕೆ ತಳ್ಳಿದರೆ ಬೆಲ್ಟು ಬಿಗಿಯಾಗಿ ಅಲಗು ತಿರುಗುತ್ತಿತ್ತು.

ಅದನ್ನು ಓಡಿಸುತ್ತಿದ್ದವನು ಪಕ್ಕದ ಬಾತಿ ಹಳ್ಳಿಯ ಮಾಲಿ. ಐವತ್ತರ ಆಸುಪಾಸಿನ ಒಕ್ಕಲಮಗ. ಬೆಳಿಗ್ಗೆ ತನ್ನ ಹೊಲ ನೋಡಿ, ಆಮೇಲೆ ಕೆಲಸಕ್ಕೆ ಬರುತ್ತಿದ್ದ. ಆರು ಹೆಂಗಸರು ಕುಡುಗೋಲು ಹಿಡಿದು ವಾರವೆಲ್ಲ ಕೊಯ್ಯುತ್ತಿದ್ದ ಹುಲ್ಲನ್ನು ಈಗ ಅವನೊಬ್ಬನೇ ಒಂದು ಬೆಳಿಗ್ಗೆಯಲ್ಲಿ ಮುಗಿಸುತ್ತಿದ್ದ. ಗಾಡಿಯ ಮೇಲೆ ಕೂತಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಆ ಗತ್ತು ಕಂಡರೆ ನನಗೆ ಯಾಕೋ ಸ್ವಲ್ಪ ಉರಿ.

ಒಂದು ಬೇಸಿಗೆ ಬೆಲ್ಟು ಕಿರುಚತೊಡಗಿತು. ಮಾಲಿ ಬಂದು, "ಸನ್ನಿ ತಳ್ಳಿದ್ರ ಕೂಗ್ತೈತ್ರಿ, ಹುಲ್ಲು ಕೊಯ್ಯಂಗಿಲ್ಲ, ಬರೇ ಮಲಗಸ್ತೈತೆ" ಎಂದ. ನಾನು ಬಗ್ಗಿ ಸಹ ನೋಡಲಿಲ್ಲ. ಬೆಲ್ಟಿನ ಕೂಗು ನನಗೆ ಹೇಳಿಕೊಡಬೇಕೇ? ಡಬ್ಬಿ ತೆಗೆದು ಬೆರಳಿನಲ್ಲಿ ಉದ್ದಕ್ಕೂ ರಾಳ ಸವರಿದೆ. ಕೂಗು ನಿಂತಿತು. ನಾಲ್ಕು ದಿನಕ್ಕೆ ಮತ್ತೆ ಶುರುವಾಯಿತು, ಮತ್ತೆ ಸವರಿದೆ. ತಿಂಗಳೊಪ್ಪತ್ತಿನಲ್ಲಿ ಬೆಲ್ಟು ಹರಿದು ಬಿತ್ತು. ಹಳೆಯದು, ಹೋಗಲಿ ಎಂದುಕೊಂಡೆವು. ಬೊಂಬಾಯಿಯಿಂದ ರೈಲ್ವೆ ಪಾರ್ಸಲಿನಲ್ಲಿ ಹೊಸದು ಬಂತು. ಇದು ಜಾರಲೇಬಾರದೆಂದು ಹಾಕುವ ಮೊದಲೇ ಧಾರಾಳವಾಗಿ ರಾಳ ಹಚ್ಚಿದೆ. ಅದು ಮೂರು ವಾರವೂ ಬಾಳಲಿಲ್ಲ.

ಮ್ಯಾನೇಜರು ವರದಿ ಕೇಳಿದರು. ಹೊಸ ಬೆಲ್ಟು, ಹನ್ನೊಂದು ವರ್ಷ ಪಳಗಿದ ಫಿಟ್ಟರು, ಇನ್ನು ಉಳಿದವನು ಯಾರು? ಮಾಲಿ ಸನ್ನೆಯನ್ನು ರಪ್ಪನೆ ತಳ್ಳುತ್ತಾನೆ, ಕೈ ಒರಟು, ಬೆಲ್ಟು ಹರಿಯಲು ಅದೇ ಕಾರಣ ಎಂದು ಬರೆದೆ. ಅವನು ಸನ್ನೆ ತಳ್ಳುವುದನ್ನು ನಾನು ಒಮ್ಮೆಯೂ ಗಮನವಿಟ್ಟು ನೋಡಿರಲಿಲ್ಲ. ಮ್ಯಾನೇಜರು ಅವನನ್ನು ಕರೆಸಿ, ಇನ್ನೊಂದು ಬೆಲ್ಟು ಹೋದರೆ ಗಾಡಿ ಮಾರಿ ನಿನ್ನನ್ನೂ ಮನೆಗೆ ಕಳಿಸುತ್ತೇನೆ ಎಂದರು. ಹೊರಗೆ ಬಂದವನು ನನ್ನನ್ನು ಕೇಳಿದ: "ಏನ್ ಬರದ್ರಿ ಸಾಮಿ, ನನ್ ಮ್ಯಾಲೆ?"

"ಇದ್ದದ್ದು ಬರದೀನಿ. ನಿಮ್ಮ ಕೈ ಒರಟು" ಎಂದೆ.

ಅವನು ತನ್ನ ಬಲಗೈಯನ್ನು ತಿರುವಿ ನೋಡಿಕೊಂಡು ಹೊರಟುಹೋದ.

ಮೂರನೆಯ ಬೆಲ್ಟು ಬರುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿತ್ತು, ಹುಲ್ಲು ಮೊಣಕಾಲಿಗೆ ಬಂದಿತ್ತು. ಇದು ಕೊನೆಯದೆಂದು ಗೊತ್ತಿದ್ದರಿಂದ ಈ ಸಲ ನಾನು ಮಾಡಬೇಕಾದ ರೀತಿಯಲ್ಲಿ ಕೆಲಸ ಮಾಡಿದೆ. ಗಾಡಿಯನ್ನು ಇಟ್ಟಿಗೆಗಳ ಮೇಲೆ ಎತ್ತಿ ಹೊಟ್ಟೆಯಡಿಯ ಮುಚ್ಚಳ ಬಿಚ್ಚಿದೆ. ಬೆಲ್ಟು ಓಡುವ ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿದೆ, ಸಲೀಸಾಗಿದ್ದವು. ದಾರ ಹಿಡಿದು ನೋಡಿದೆ, ಎಲ್ಲವೂ ಒಂದೇ ನೇರಕ್ಕಿದ್ದವು. ಬೆಲ್ಟನ್ನು ಒತ್ತಿ ಬಿಗಿ ಹಿಡಿಯುವ ಸಣ್ಣ ಗಾಲಿಯ ಹತ್ತಿರ ಬಂದಾಗ ಮೊದಲ ತಪ್ಪು ಸಿಕ್ಕಿತು. ಗಾಲಿಯನ್ನು ಎಳೆದು ಹಿಡಿಯಬೇಕಾದ ಸ್ಪ್ರಿಂಗು ವಯಸ್ಸಾಗಿ ಉದ್ದವಾಗಿ, ಸುಮ್ಮನೆ ಜೋತುಬಿದ್ದಿತ್ತು. ಬೇಸಿಗೆಯಲ್ಲಿ ಬೆಲ್ಟು ಕಿರುಚಿದ್ದು ಅದಕ್ಕೇ. ಅಂದು ಎರಡು ನಿಮಿಷ ಬಗ್ಗಿದ್ದರೆ ಕಾಣುತ್ತಿತ್ತು.

ಆದರೆ ಸಡಿಲ ಸ್ಪ್ರಿಂಗಿನಿಂದ ಹೊಸ ಬೆಲ್ಟು ಮೂರೇ ವಾರದಲ್ಲಿ ಹರಿಯಬೇಕೇಕೆ? ಹರಿದದ್ದನ್ನು ಹುಡುಕಿ ತಂದು ಹೊಸದರ ಪಕ್ಕ ಇಟ್ಟೆ. ಓಡಿದ ಬೆಲ್ಟು ಸವೆದು ತೆಳ್ಳಗಾಗುತ್ತದೆ. ಇದು ಓಡಿ ಓಡಿ ದಪ್ಪಗಾಗಿತ್ತು! ಪುಲ್ಲಿಯ ಸಂದಿಯೊಳಗೆ ಹೊಸದು ತಗ್ಗಿ ಕೂತರೆ, ಹಳೆಯದು ಒಳಗಿಳಿಯದೆ ಉಬ್ಬಿ ಮೇಲೇ ನಿಲ್ಲುತ್ತಿತ್ತು. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಾಗಿತ್ತು. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ ಮಾಲಿ, ಎಂದಿನಂತೆ ನನ್ನ ಡಬ್ಬಿಯ ಮುಚ್ಚಳ ತೆಗೆದು, "ಹಚ್ತೀರೇನ್ರಿ?" ಎಂದು ಮುಂದೆ ಹಿಡಿದ.

ನಾನು ಡಬ್ಬಿ ನೋಡಿದೆ, ಬೆಲ್ಟು ನೋಡಿದೆ. "ಇವತ್ತು ಬ್ಯಾಡ, ತಡೀರಿ" ಎಂದೆ. ಸೈಕಲ್ ಟ್ಯೂಬಿನ ಎರಡು ತುಂಡು ಒಂದೇ ಅಳತೆಗೆ ಕತ್ತರಿಸಿ, ಒಂದನ್ನು ಡಬ್ಬಿಯಲ್ಲಿ ಮುಳುಗಿಸಿಟ್ಟು ಮನೆಗೆ ಹೋದೆ. ಮಾರನೆಯ ದಿನ ತೆಗೆದು ನೋಡಿದರೆ ಅದು ತನ್ನ ಜೋಡಿಗಿಂತ ಅಗಲವಾಗಿ, ನೆನೆದ ಹಪ್ಪಳದಂತೆ ಬಳುಕುತ್ತಿತ್ತು. ಚರ್ಮಕ್ಕೆ ಆಗಿಬರುವ ಎಣ್ಣೆ ರಬ್ಬರನ್ನು ಕೊಲ್ಲುತ್ತದೆ ಎಂಬುದು ಹನ್ನೊಂದು ವರ್ಷದ ಪಂಡಿತನಿಗೆ ಗೊತ್ತಿರಲಿಲ್ಲ.

ಪುಲ್ಲಿಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಿದೆ. ಮುರಿದ ಮಗ್ಗವೊಂದರ ಸ್ಪ್ರಿಂಗನ್ನು ಹಳೆಯ ಗಿರಣಿಯಿಂದ ಬೇಡಿ ತಂದು ಕಟ್ಟಿದೆ. ಬೆಲ್ಟನ್ನು ಬರಿದಾಗಿಯೇ ಹಾಕಿದೆ. ಗಾಡಿ ಹೊರಡುವಾಗ ಮ್ಯಾನೇಜರು ವರಾಂಡಕ್ಕೆ ಬಂದು ನಿಂತರು. ಮಾಲಿ ಸನ್ನೆಗೆ ಕೈ ಹಾಕಿದ್ದನ್ನು ಅಂದು ಮೊದಲ ಸಲ ನೋಡಿದೆ. ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಇಳಿಸುವಂತೆ ಮೆಲ್ಲಗೆ ಮುಂದಕ್ಕೆ ಒಯ್ದ. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಬೆಲ್ಟು ಕೂಗಲಿಲ್ಲ. ಮೊಣಕಾಲೆತ್ತರದ ಹುಲ್ಲು ಪಟ್ಟೆ ಪಟ್ಟೆಯಾಗಿ ಉರುಳಿತು.

"ನೋಡಿದ್ಯಾ? ಸರಿಯಾಗಿ ಓಡಿಸಿದ್ರೆ ಎಷ್ಟು ಚೆನ್ನಾಗಿ ಓಡುತ್ತೆ" ಎಂದು ಮ್ಯಾನೇಜರು ಅವನಿಗೆ ಹೇಳಿದರು. ಅವನು ತಲೆ ಅಲ್ಲಾಡಿಸಿದ.

ಅಲ್ಲಿಗೇ ಸುಮ್ಮನಿದ್ದುಬಿಡಬಹುದಿತ್ತು. ಬೆಲ್ಟು ಓಡುತ್ತಿತ್ತು, ಅವನ ಕೆಲಸ ಉಳಿದಿತ್ತು, ನನ್ನ ಮಾನವೂ ಉಳಿದಿತ್ತು. ಸುಮ್ಮನಿರಲು ಆಸೆ ಪಟ್ಟದ್ದೂ ನಿಜ. ಆದರೆ ಆ ಎರಡು ಕೈಗಳನ್ನು ಕಂಡ ಮೇಲೆ ಆಗಲಿಲ್ಲ. "ತಪ್ಪು ಅವರದಲ್ಲ ಸಾರ್, ನನ್ನದು" ಎಂದು ರಾಳದ ವಿಷಯ ಹೇಳಿ ಎರಡು ಟ್ಯೂಬಿನ ತುಂಡನ್ನೂ ಮುಂದಿಟ್ಟೆ. ಅವರು ಅವನ್ನು ಹಿಚುಕಿ ನೋಡಿ, ನನ್ನ ಮುಖ ನೋಡಿ, ಹಳೆಯ ವರದಿಯನ್ನು ತರಿಸಿ ಹರಿದು ಹಾಕಿದರು. ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮಾಲಿಯ ಹತ್ತಿರ ಹೋಗಿ ಅದನ್ನೇ ಮತ್ತೆ ಹೇಳಿದೆ. ಅವನು ಇಂಜಿನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ. "ಸಾಯೇಬ್ರಿಗೆ ಹೇಳಿದ್ರಿ, ಚಲೋ ಆತು. ನಮ್ಮನಿಗೊಂದ್ ಸಲ ಬಂದು ಹೇಳ್ತೀರೇನ್ರಿ? ನಾ ಹೇಳಿದ್ರ ನಂಬಂಗಿಲ್ಲ ನಮ್ಮಾಕಿ" ಎಂದ.

ಆ ಭಾನುವಾರ ಬಾತಿಯಲ್ಲಿ ಬಸ್ಸಿಳಿದೆ. ಅವನ ಹೆಂಡತಿ, "ಬರ್ರಿ, ಕೂಡ್ರಿ" ಎಂದು ಕಂಬಳಿ ಹಾಸಿ, ಮಜ್ಜಿಗೆ ಕೊಟ್ಟಳು. ಅವನು ಗೋಡೆಗೊರಗಿ ಕೂತು ನೆಲ ನೋಡುತ್ತಿದ್ದ. ನಾನು ರಾಳ, ಎಣ್ಣೆ, ರಬ್ಬರು ಎಲ್ಲವನ್ನೂ ವಿವರಿಸಿ, ಬೆಲ್ಟು ಕೆಡಿಸಿದವನು ನಾನು, ಇವರ ಕೈಯಲ್ಲಿ ಏನೂ ದೋಷವಿಲ್ಲ ಎಂದೆ. ಆಕೆಗೆ ರಾಳದ ಮಾತು ಬೇಕಾಗಿರಲಿಲ್ಲ.

"ಹಂಗಾರ ಇವ್ರ ಕೈ ನೆಟ್ಟಗೈತೇನ್ರಿ?"

"ನೆಟ್ಟಗೈತವ್ವಾ."

ಆಕೆ ಗಂಡನ ಕಡೆ ತಿರುಗಿದಳು. "ಕೇಳಿದ್ರಾ? ನಾ ಏನ್ ಹೇಳಿದ್ದೆ?" ಎಂದವಳು ನನಗೆ ಹೇಳಿದಳು: "ಮದಿವ್ಯಾದಾಗಿಂದ ನಮ್ಮನ್ಯಾಗ ಬಿತ್ತಾಕ ಕೂರಿಗಿ ಹಿಡಿಯೋರು ಇವ್ರೇ ಸಾಮಿ. ಸಾಲು ಒಂದೀಟೂ ಸೊಟ್ಟಾಗತಿರಲಿಲ್ಲ. ಈ ಸಲ ಮುಟ್ಟಲೇ ಇಲ್ಲ. ತಿಳದೋರೇ ಬರದು ಕೊಟ್ಟಾರ, ಕೈ ಒರಟಾಗೈತೆ, ಬೀಜ ಹಾಳಾಗ್ತೈತಿ ಅಂತ ತಮ್ಮನ ಕೈಗೆ ಕೊಟ್ಟು, ಬದುವಿನ ಮ್ಯಾಲೆ ಕುಂತು ನೋಡಿದ್ರು."

ನಂಬದೆ ಇದ್ದದ್ದು ಆಕೆಯಲ್ಲ, ಅವನೇ. ಬಾಗಿಲ ಆಚೆ ಅವರ ಹೊಲ ಕಾಣುತ್ತಿತ್ತು. ಅವನ ತಮ್ಮ ಬಿತ್ತಿದ ಜೋಳದ ಪೈರು ಆಗಲೇ ಸೊಂಟದ ಮಟ್ಟಕ್ಕೆ ಬಂದಿತ್ತು.