ಸಂಬಂಧ ಎಂಬ ಕಾಲಂ

ಮೂರು ಸಾಫ್ಟ್‌ವೇರುಗಳಲ್ಲಿ ಒಂದನ್ನು ಆರಿಸಬೇಕಿತ್ತು. ನಿದ್ದೆ ಗುಳಿಗೆ, ಫಿಟ್ಸಿನ ಗುಳಿಗೆ, ಜೋರು ನೋವಿನ ಗುಳಿಗೆ, ಇಂಥವು ಯಾರ ಚೀಟಿಗೆ ಎಷ್ಟು ಹೋದವು, ಯಾರ ಕೈಗೆ ಹೋದವು ಎಂದು ಸರ್ಕಾರ ಇನ್ನು ಮೇಲೆ ಕಂಪ್ಯೂಟರಿನಲ್ಲಿ ನೋಡುತ್ತದಂತೆ. ಅದಕ್ಕಾಗಿ ಸುತ್ತಲಿನ ತಾಲೂಕುಗಳ ಸರ್ಕಾರಿ ಫಾರ್ಮಸಿಸ್ಟರನ್ನು ದಾಂಡೇಲಿಯ ಒಂದು ಕಚೇರಿಯ ಮೇಲ್ಮಹಡಿಯಲ್ಲಿ ಕೂರಿಸಿದ್ದರು. ಪ್ರತಿಯೊಬ್ಬರೂ ಒಂದು ಹಳೆಯ ರಿಜಿಸ್ಟರ್ ತಂದು, ಅದರ ಪುಟಗಳನ್ನು ಮೂರರಲ್ಲೂ ತುಂಬಿ ನೋಡಬೇಕು. ಯಾರ ಹೆಸರನ್ನೂ ಹಾಕುವಂತಿಲ್ಲ, ಬರೀ ನಂಬರು. ತುಂಬಿದ್ದೆಲ್ಲ ಪರೀಕ್ಷೆಗೆ ಮಾತ್ರ, ಸಂಜೆ ಐದಕ್ಕೆ ಅಳಿಸಿಬಿಡುತ್ತೇವೆ ಎಂದು ಮೊದಲೇ ಹೇಳಿದ್ದರು.

ನಾನು ಜೊಯಿಡಾದ ಸರ್ಕಾರಿ ಆಸ್ಪತ್ರೆಯಿಂದ ಹೋದವಳು. ಬೀರುವಿನಲ್ಲಿದ್ದ ಅಷ್ಟೂ ರಿಜಿಸ್ಟರುಗಳಲ್ಲಿ ಯಾವುದನ್ನು ಒಯ್ಯಲಿ ಎಂದು ಯೋಚಿಸಲೇ ಇಲ್ಲ. ಕೈ ತಾನಾಗಿ ಅದೊಂದಕ್ಕೇ ಹೋಯಿತು. ಅದರಲ್ಲಿ ಅವರ ಸಹಿಗಳಿದ್ದವು.

ಅವರು ಕುಂಬಾರವಾಡದ ಬಸ್ಸಿನ ಕಂಡಕ್ಟರ್. ಆ ಊರಿನವರು ಗುಳಿಗೆಗೆಂದು ಜೊಯಿಡಾಕ್ಕೆ ಬಂದರೆ ಇಡೀ ದಿನ ಕೆಟ್ಟಂತೆ. ಹೀಗಾಗಿ ಡಾಕ್ಟರ ಚೀಟಿಯನ್ನು ಬೆಳಗಿನ ಬಸ್ಸಿನಲ್ಲಿ ಅವರ ಕೈಗೆ ಕೊಟ್ಟು ನಿಶ್ಚಿಂತರಾಗಿಬಿಡುತ್ತಿದ್ದರು. ಬಸ್ಸು ಜೊಯಿಡಾದಲ್ಲಿ ನಿಲ್ಲುವ ಅರ್ಧ ತಾಸಿನಲ್ಲಿ ಅವರು ನನ್ನ ಕಿಟಕಿಗೆ ಬಂದು ಏಳೆಂಟು ಚೀಟಿ ಸಾಲಾಗಿ ಇಡುವರು. ಪೊಟ್ಟಣಗಳನ್ನು ಟಿಕೆಟ್ ಚೀಲಕ್ಕೆ ತುಂಬಿ, ಸಹಿ ಹಾಕಿ, ಪಕ್ಕದ 'ಸಂಬಂಧ' ಎಂಬ ಕಾಲಂನಲ್ಲಿ ಎಲ್ಲರಿಗೂ ಒಂದೇ ಮಾತು ಬರೆಯುವರು: ನಮ್ಮವರು.

"ಆ ಕೊಂಕಣಿ ಅಜ್ಜಿನೂ ನಿಮ್ಮವರೇನ್ರೀ?" ಎಂದು ಒಮ್ಮೆ ಕೆಣಕಿದೆ.

"ಆಕಿ ಚೀಟಿ ನಮ್ಮ ಬಸ್ಸು ಹತ್ತೇತಿ ಅಲ್ಲೇನ್ರೀ ಮೇಡಂ? ಮುಗೀತು, ನಮ್ಮವರ," ಎಂದರು.

ಆರು ವರ್ಷ ಹೀಗೇ, ಕಿಟಕಿಯ ಈಚೆ ನಾನು, ಆಚೆ ಅವರು. ಅವರ ಮೇಲೆ ನನಗೆ ಜೀವವಿತ್ತು. ಅವರದು ಹಳಿಯಾಳದ ಮುಸ್ಲಿಂ ಮನೆ, ನಮ್ಮದು ಧಾರವಾಡದ ಕಡೆಯಿಂದ ದಾಂಡೇಲಿಯ ಕಾಗದದ ಮಿಲ್ಲಿಗೆ ಬಂದ ಹಿಂದೂ ಮನೆ. ಅವ್ವನೆದುರು ಆ ಮಾತು ಎತ್ತುವ ಧೈರ್ಯ ನನಗಿರಲಿಲ್ಲ. ಅವರೆದುರೂ ಎತ್ತಲಿಲ್ಲ. ಆಮೇಲೆ ಅವರಿಗೆ ಮುಂಡಗೋಡದ ಕಡೆ ವರ್ಗವಾಯಿತು, ನಾನು ಮದುವೆ ಬೇಡವೆಂದು ಹಾಗೇ ಉಳಿದೆ. ಈಗಲೂ ಕುಂಬಾರವಾಡದ ಬಸ್ಸು ಬಂದು ನಿಂತ ಸದ್ದಾದರೆ ಕಿಟಕಿಯಾಚೆ ನೋಡುತ್ತೇನೆ. ನೋಡಬಾರದೆಂದು ಎಷ್ಟು ಸಲ ಅಂದುಕೊಂಡರೂ ನೋಡುತ್ತೇನೆ.

ಮೊದಲನೆಯ ಸಾಫ್ಟ್‌ವೇರು ರೋಗಿಯ ಮೊಬೈಲಿಗೆ ಒಟಿಪಿ ಕಳಿಸುತ್ತಿತ್ತು. ಕುಂಬಾರವಾಡದ ಕಡೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಫಿಟ್ಸ್ ಇರುವವರು ಗುಡ್ಡ ಹತ್ತಿ ನಿಂತು ಒಟಿಪಿ ಹೇಳಬೇಕಂತೆ! ಅದನ್ನು ಅಲ್ಲಿಗೇ ಬಿಟ್ಟೆವು.

ಎರಡನೆಯದು ಬಲು ಚುರುಕು, ನೋಡಲೂ ಚೆಂದ. ನಾನು ಎರಡು ಪುಟ ತುಂಬುವಷ್ಟರಲ್ಲಿ ಪರದೆಯ ಮೇಲೆ ಒಂದು ಸಾಲು ಕೆಂಪಾಯಿತು. ಗುಳಿಗೆ ಪಡೆದವರ ಪಟ್ಟಿಯಲ್ಲಿ ನಾಲ್ಕನೇ ನಂಬರು, ಅಂದರೆ ಅವರು. 'ಅನುಮಾನಾಸ್ಪದ ವ್ಯಕ್ತಿ' ಎಂದು ಬರೆದಿತ್ತು.

ಅದನ್ನು ತೋರಿಸಲು ಬಂದಿದ್ದ ಕಂಪನಿಯವ ಹಿಗ್ಗಿದ. "ನೋಡಿ ಮೇಡಂ, ಏಳು ಜನರ ಮಾತ್ರೆ ಒಬ್ಬನೇ ತಗೊಂಡಿದ್ದಾನೆ. ನಿಮ್ಮ ರಿಜಿಸ್ಟರು ಹಿಡಿಯದ ಕಳ್ಳನನ್ನ ನಮ್ಮದು ಹಿಡೀತು."

ನನಗೆ ಮೈಯೆಲ್ಲ ಉರಿಯಿತು. "ಕಳ್ಳ ಅಲ್ರೀ ಅವರು! ಏಳು ಮಂದಿಗೆ ಗುಳಿಗೆ ಮುಟ್ಟಿಸ್ಯಾರ. ಇಂಥಾವರನ್ನ ತಡದ್ರ ನಾಳೆ ಕುಂಬಾರವಾಡಕ್ಕ ನೀವ ಹೊತ್ಕೊಂಡು ಹೋಗ್ತೀರೇನು?" ಎಂದೆ. ದನಿ ಏರಿದ್ದು ನನಗೇ ಕೇಳಿಸಿತು. ಹಳಿಯಾಳದ ಫಾರ್ಮಸಿಸ್ಟ್ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಮೂರನೆಯದು ಎಮ್ಮೆಯಂತೆ ನಿಧಾನ. ಆದರೆ ಬೇರೆಯವರ ಪರವಾಗಿ ಪಡೆದವರಿಗೆ ಅದರಲ್ಲಿ ಜಾಗವಿತ್ತು, ಪಕ್ಕದಲ್ಲಿ ಸಂಬಂಧದ ಕಾಲಂ ಇತ್ತು. ಅದೇ ಬೇಕೆಂದು ಹಟ ಹಿಡಿದೆ. ಕೆಲವು ದಿನಗಳ ನಂತರ ಅದೇ ಆಯ್ಕೆಯಾಯಿತು ಕೂಡ. ದೂರದ ಹಳ್ಳಿಗಳ ರೋಗಿಗಳಿಗಾಗಿ ಎಂದು ನನ್ನ ಅಭಿಪ್ರಾಯದಲ್ಲಿ ಬರೆದಿದ್ದೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಆ ಮಧ್ಯಾಹ್ನ ಅದರಲ್ಲಿ ಪುಟ ತುಂಬುತ್ತ ಹೋದೆ. ಪಡೆದವರು ರೋಗಿಗೆ ಏನಾಗಬೇಕು ಎಂದು ಸಂಬಂಧಕ್ಕೆ ಒಂದು ಪಟ್ಟಿ ತೆರೆಯುತ್ತಿತ್ತು: ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಇತರೆ. ನಮ್ಮವರು ಎಂಬುದು ಇರಲಿಲ್ಲ. ಇತರೆ, ಇತರೆ ಎಂದು ಒತ್ತುತ್ತ ಬಂದವಳ ಕೈ ಒಂದು ಪುಟದಲ್ಲಿ ನಿಂತಿತು. ಅಲ್ಲಿನ ಅಕ್ಷರ ನನ್ನದಲ್ಲ. ನಾನು ಕಾಲು ಮುರಿದುಕೊಂಡು ಬಾಡಿಗೆ ಕೋಣೆಯಲ್ಲಿ ಮಲಗಿದ್ದಾಗ ನನ್ನ ಬದಲಿಗೆ ಬಂದಿದ್ದವರದು. ರೋಗಿಯ ಹೆಸರು ಮಾತ್ರ ನನ್ನದು. ಜೋರು ನೋವಿನ ಗುಳಿಗೆ, ಹತ್ತು. ಪಡೆದವರ ಜಾಗದಲ್ಲಿ ಅವರ ಸಹಿ.

ನೆನಪಾಯಿತು. ಕೋಲೂರಿಕೊಂಡು ಹೋಗಿ ಬಾಗಿಲು ತೆಗೆದಿದ್ದೆ. ಅವರು ಹೊಸ್ತಿಲಾಚೆಯೇ ನಿಂತು ಪೊಟ್ಟಣ ಚಾಚಿ, "ಊಟ ಆದ ಮ್ಯಾಲೆ ತಗೋರಿ," ಎಂದಿದ್ದರು. ಪ್ರತಿ ಪೊಟ್ಟಣದ ಜೊತೆ ನಾನೇ ಅವರಿಗೆ ಹೇಳಿ ಕಳಿಸುತ್ತಿದ್ದ ಮಾತು ಅದು. "ಗೊತ್ತೈತ್ರೀ," ಎಂದೆ. ಒಳಗ ಬರ್ರಿ ಎನ್ನಲಿಲ್ಲ. ಅದೊಂದು ಮಾತು ಅಂದಿದ್ದರೆ ಏನಾಗುತ್ತಿತ್ತೋ.

ಸಾಲಿನ ಕೊನೆಗೆ ನೋಡಿದೆ. ಮೇಲಿನ ಸಾಲುಗಳಿಗೆಲ್ಲ ನಮ್ಮವರು, ಕೆಳಗಿನವಕ್ಕೂ ನಮ್ಮವರು. ನನ್ನ ಹೆಸರಿನ ಮುಂದೆ ಮಾತ್ರ ಏನೂ ಬರೆದಿರಲಿಲ್ಲ. ಪೆನ್ನು ಊರಿ ನಿಲ್ಲಿಸಿದ್ದ ಒಂದು ನೀಲಿ ಚುಕ್ಕೆ ಇತ್ತು. ರಜೆ ಮುಗಿಸಿ ಬಂದಾಗ ಹೊಸ ಪುಟದಿಂದ ಶುರು ಮಾಡಿದ್ದ ನಾನು ಇಷ್ಟು ವರ್ಷ ಇದನ್ನು ತಿರುವಿಯೂ ನೋಡಿರಲಿಲ್ಲ.

ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋಗಲು ನೋಡಿದೆ. 'ಸಂಬಂಧ ಕಡ್ಡಾಯ' ಎಂದು ಬಂತು, ಪಟ್ಟಿ ತೆರೆಯಿತು. ಉಳಿದವರು ಚಹಾಕ್ಕೆಂದು ಕೆಳಗೆ ಇಳಿದಿದ್ದರು. ನಾನು ಪಟ್ಟಿಯ ಮೊದಲನೆಯದನ್ನು ಒತ್ತಿದೆ: ಗಂಡ.

ಬಹಳ ಹೊತ್ತಾದ ಮೇಲೆ 'ಉಳಿಸಲಾಗಿದೆ' ಎಂದು ಬಂತು. ಆಗ ಮೂರೂಕಾಲು ಗಂಟೆ. ಅಳಿಸುವವರು ಐದಕ್ಕೆ ಬರುತ್ತಾರೆ.

"ಬರ್ರಿ ಮೇಡಂ, ಚಹಾ ಆರತೈತಿ," ಎಂದು ಹಳಿಯಾಳದವರು ಮೆಟ್ಟಿಲಿನಿಂದ ಕೂಗಿದರು.

"ನೀವು ಕುಡೀರಿ, ನಾ ಆಮ್ಯಾಲೆ ಬರ್ತೇನಿ," ಎಂದೆ. ಐದರವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.