ಒಂಟಿ ಇಂಜಿನ್ನಿನ ವೇಗ

ಜೆರಾಕ್ಸ್ ಅಂಗಡಿಯ ಅಣ್ಣನ ಮೂಗಿನ ಮೇಲೆ ಸದಾ ಒಂದು ಕಪ್ಪು ಗುರುತು ಇರುತ್ತಿತ್ತು. ಮೆಷಿನ್ನಿಗೆ ಮಸಿಪುಡಿ ತುಂಬಿದ ಬೆರಳಿನಿಂದಲೇ ಜಾರಿದ ಕನ್ನಡಕವನ್ನು ಮೇಲೆ ತಳ್ಳುವುದು ಅವರ ಅಭ್ಯಾಸ. ಹೇಳಿದರೆ ಅಂಗಿಯ ತೋಳಿನಿಂದ ಒರೆಸಿಕೊಂಡು ಮಸಿಯನ್ನು ಕೆನ್ನೆಗೂ ಹಂಚುತ್ತಿದ್ದರು. ಕೊಟ್ಟೂರಿನಲ್ಲಿ ಅವರ ಅಂಗಡಿಗೆ ತಾಗಿಯೇ ನನ್ನ ಬ್ಲೌಸ್ ಹೊಲಿಯುವ ಅಂಗಡಿ. ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ ಮಾತ್ರ.

ನಾನು ಅಂಗಡಿ ಹಾಕಿದ ಹೊಸತರಲ್ಲಿ ಹಲಗೆಯ ಆಚೆಯಿಂದ ಕೂಗು ಬಂತು. “ತಂಗೀ, ಚೂರು ಬಾ ಇಲ್ಲಿ. ಆ ದೀಪ ಕೆಂಪು ಐತೋ ಹಸಿರು ಐತೋ ನೋಡು.”

ಕತ್ತರಿ ಹಿಡಿದುಕೊಂಡೇ ಹೋದೆ. ಕಂಪ್ಯೂಟರಿನ ಪರದೆಯ ಮೇಲೆ ಉದ್ದಕ್ಕೆ ಹಳಿ, ದೂರದಲ್ಲಿ ಸಿಗ್ನಲ್ಲಿನ ಸಣ್ಣ ದೀಪ. “ಹಸಿರು” ಎಂದೆ. ಅಣ್ಣ ನೆಮ್ಮದಿಯಿಂದ ಇಂಜಿನ್ ಮುಂದೆ ಬಿಟ್ಟರು.

ಅವರು ಪ್ರಾಯದಲ್ಲಿ ರೈಲ್ವೆ ಡ್ರೈವರ್ ಕೆಲಸದ ಪರೀಕ್ಷೆ ಪಾಸಾಗಿದ್ದವರು. ಕೆಂಪು ಹಸಿರಿನ ವ್ಯತ್ಯಾಸ ಗೊತ್ತಾಗುವುದಿಲ್ಲವೆಂದು ಕಣ್ಣಿನ ತಪಾಸಣೆಯಲ್ಲಿ ಮನೆಗೆ ಕಳಿಸಿದ್ದರು. ಊರಿಗೆ ಬಂದು ಜೆರಾಕ್ಸ್ ಹಾಕಿದರು, ಮದುವೆಯಾದರು, ಹೊಟ್ಟೆ ಬಂತು. ಆಮೇಲೆ ಎಲ್ಲಿಂದಲೋ ಈ ಸಿಮ್ಯುಲೇಟರ್ ಸಿಕ್ಕಿತು. ಅದರಲ್ಲಿ ರೈಲು ಓಡಿಸುವುದಷ್ಟೇ ಅಲ್ಲ, ನಮಗೆ ಬೇಕಾದ ಹಳಿಯನ್ನೂ ಕಟ್ಟಬಹುದು. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ಮೇಲೆ ಹರಪನಹಳ್ಳಿಯವರೆಗೆ ನಮ್ಮ ಹಳಿಯನ್ನು ಅವರು ಏರು, ತಿರುವು, ಗೇಟು, ಜಾಲಿ ಗಿಡಗಳ ಸಮೇತ ಕಟ್ಟಿದ್ದರು. ಗೇಟಿನ ಆಚೆ ಕಾಯುವ ಕುರಿ ಹಿಂಡನ್ನೂ ಬಿಟ್ಟಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಇಂಥದೇ ಹುಚ್ಚಿನವರ ಗುಂಪೊಂದಿತ್ತು. ಅವರೆಲ್ಲ ಅಣ್ಣನ ಹಳಿಯನ್ನು ಇಳಿಸಿಕೊಂಡು ಓಡಿಸುತ್ತಿದ್ದರು. ಅದನ್ನು ಆಟ ಎಂದರೆ ಅಣ್ಣನಿಗೆ ಕೆಟ್ಟ ಸಿಟ್ಟು. “ಆಟ ಅನಬ್ಯಾಡ ತಂಗಿ. ನನಗ ಓಡ್ಸಾಕ ಇರಾದು ಇದೊಂದ ಲೈನ್. ಇದು ಖರೇನ ಇರಬೇಕು.”

ಒಂದು ದಿನ ಆ ಗುಂಪಿನವನೊಬ್ಬ ತಕರಾರು ಬರೆದ. ನಿಮ್ಮ ಹಳಿಯಲ್ಲಿ ಡಬ್ಬಿಗಳಿಲ್ಲದ ಒಂಟಿ ಇಂಜಿನ್ ಕೂಡ ರೈಲಿನಷ್ಟೇ ಜೋರಾಗಿ ಓಡುತ್ತದೆ, ಅದಕ್ಕೆ ವೇಗದ ಮಿತಿ ಕಡಿಮೆ ಇರಬೇಕು ಎಂದು.

ಅಣ್ಣ ಕೆರಳಿದರು. “ಹಿಂದ ಡಬ್ಬಿ ಇಲ್ಲಂದ್ರ ಹಗುರ. ಹಗುರ ಇದ್ದದ್ದು ಲಗೂನ ನಿಲ್ತೈತಿ. ಹೌದೋ ಅಲ್ಲೋ?”

“ಹೌದು ಬಿಡಣ್ಣ” ಎಂದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಮನಸ್ಸಿನೊಳಗೆ ಹುಳ ಕೊರೆಯತೊಡಗಿತು. ಅವರಿಗೂ ಅದೇ ಪಾಡು ಎಂದು ಸಂಜೆ ತಿಳಿಯಿತು. ಸ್ಟೇಷನ್ನಿನಲ್ಲಿ ಒಂಟಿ ಇಂಜಿನ್ ಬಂದು ನಿಂತಿದೆಯೆಂದು ಯಾರೋ ಹೇಳಿದ್ದೇ ತಡ, ಇಬ್ಬರೂ ಶಟರ್ ಎಳೆದು ಓಡಿದೆವು.

ಅದರ ಡ್ರೈವರು ಹೊರಗೆ ಚಹಾ ಕುಡಿಯುತ್ತಿದ್ದರು. ಅಣ್ಣ ಕೇಳಿದ ಪ್ರಶ್ನೆಗೆ ಅವರು ನಕ್ಕರು. “ನಾನೂ ಮೊದಲ ಹಂಗ ತಿಳ್ಕೊಂಡಿದ್ದೆ ಬಿಡ್ರಿ. ಗಾಡಿ ಇದ್ರ ಹಿಂದಿನ ಒಂದೊಂದು ಡಬ್ಬಿಗೂ ಬ್ರೇಕ್ ಇರ್ತಾವ, ಎಲ್ಲಾ ಕೂಡಿ ಹಿಡೀತಾವ. ಇಂಜಿನ್ ಒಂದ ಇದ್ರ ತನ್ನ ಅಷ್ಟೂ ಭಾರ ತಾನೊಂದ ತಡೀಬೇಕು. ಅದಕ್ಕ ನಮಗ ವೇಗ ಕಡಿಮಿ ಹಾಕ್ಯಾರ.”

ನನಗೆ ಖುಷಿಯೋ ಖುಷಿ. ಹಿಂದಿನ ಡಬ್ಬಿಗಳು ಬರೀ ಎಳೆಯಬೇಕಾದ ಹೊರೆ ಎಂದುಕೊಂಡರೆ, ನಿಲ್ಲಿಸುವವೂ ಅವೇ ಅಂತೆ! ದಾರಿಯುದ್ದಕ್ಕೂ ಅದನ್ನೇ ಹೇಳುತ್ತ ಬಂದೆ. ಅಣ್ಣ ಬಿರಬಿರನೆ ಮುಂದೆ ನಡೆದರು. ಅಂಗಡಿಗೆ ಬಂದವರೇ ತಮ್ಮ ಹಳಿಯನ್ನು ಇಂಟರ್ನೆಟ್ಟಿನಿಂದ ತೆಗೆದುಬಿಟ್ಟರು.

“ಅಷ್ಟಕ್ಕೆಲ್ಲ ತೆಗೀತಾರೇನಣ್ಣ?” ಎಂದೆ.

“ಕಣ್ಣು ಸರಿ ಇಲ್ಲ ಅಂತ ಹೊರಗ ಹಾಕಿದ್ರು. ಅದರಾಗ ನಂದೇನೂ ತಪ್ಪಿರಲಿಲ್ಲ. ಇದು ನಾನ ಕೈಯಾರೆ ಮಾಡಿದ ತಪ್ಪು ತಂಗಿ. ಮಂದಿ ನನ್ನ ನಂಬಿ ಓಡ್ಸಾಕತ್ಯಾರ.” ಕನ್ನಡಕ ತೆಗೆದಿಟ್ಟು ತಲೆ ತಗ್ಗಿಸಿ ಕೂತರು. ಕಣ್ಣಿನ ವಿಷಯ ಹೇಳುವಾಗ ಕೂಡ ಅವರನ್ನು ಹಾಗೆ ನೋಡಿರಲಿಲ್ಲ.

ಆಮೇಲೆ ಎಷ್ಟೋ ದಿನ ಗಿರಾಕಿಗಳು ಬೈದುಕೊಂಡು ಬೇರೆ ಅಂಗಡಿಗೆ ಹೋದರು. ಅಣ್ಣ ಇಂಜಿನ್ನಿಗೆ ಹೊಸ ಮಿತಿ ಕೂರಿಸುವುದರಲ್ಲೇ ಮುಳುಗಿದ್ದರು. ಒಂಟಿಯಾಗಿ ಮಿತಿ ಮೀರಿದರೆ ತಾನೇ ಬ್ರೇಕ್ ಹಾಕಿಕೊಂಡು ನಿಲ್ಲುವಂತೆ ಮಾಡಿದರು. ಕೊನೆಗೆ ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ಕೊಟ್ಟೂರಿನಿಂದ ಒಂಟಿ ಇಂಜಿನ್ ಹೊರಡಿಸಿದರು. ಹರಪನಹಳ್ಳಿ ಇನ್ನೇನು ಬಂತು ಎನ್ನುವಾಗ ಹಳೆಯ ರೂಢಿಯಂತೆ ಅವರ ಕೈ ವೇಗವನ್ನು ತುಸು ಏರಿಸಿತು. ಇಂಜಿನ್ ಬಯಲಿನಲ್ಲಿ ಗಕ್ಕನೆ ನಿಂತಿತು. ಅಣ್ಣ ತೊಡೆ ತಟ್ಟಿಕೊಂಡು ನಕ್ಕರು. “ನನ್ನೂ ಬಿಡಲಿಲ್ಲ ನೋಡ! ಈಗ ಖರೆ ಆತು.” ಅಂದೇ ಹಳಿಯನ್ನು ಮತ್ತೆ ಗುಂಪಿಗೆ ಬಿಟ್ಟುಕೊಟ್ಟರು.

ಕಳೆದ ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಕುಸಿದ ಅಣ್ಣ ಮತ್ತೆ ಏಳಲಿಲ್ಲ. ತಪ್ಪು ಗೊತ್ತಾದ ಮೇಲೂ ಹೊಲಿಗೆ ಬಿಚ್ಚಲು ಬೇಸರವಾಗಿ ಹಾಗೇ ಕೊಟ್ಟುಬಿಡೋಣ ಎನ್ನಿಸಿದಾಗಲೆಲ್ಲ ಅವರು ನೆನಪಾಗುತ್ತಾರೆ. ಬಯ್ದುಕೊಳ್ಳುತ್ತಲೇ ಬಿಚ್ಚುತ್ತೇನೆ.

ಈಗ ಅಂಗಡಿ ನೋಡಿಕೊಳ್ಳುವವರು ಅತ್ತಿಗೆ. ಗಂಡ ಬದುಕಿದ್ದಾಗ ಆ ಪರದೆಯ ಕಡೆ ತಿರುಗಿಯೂ ನೋಡದವರು ಮೊನ್ನೆ ಕರೆದು ಕೇಳಿದರು. “ಅವರ ಲೈನ್ ಇನ್ನೂ ಮಂದಿ ಓಡಸ್ತಾರಂತ, ಹೌದೇನವಾ?”

“ಹೌದು ಅತ್ತಿಗಿ.”

“ಅವರು ಹಾಕಿದ ವೇಗದಾಗ?”

“ಮೀರಾಕ ಬರಂಗಿಲ್ಲ. ಇಂಜಿನ್ ತಾನ ನಿಲ್ತೈತಿ.”

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸ್ಟೂಲ್ ಎಳೆದು ಪರದೆಯ ಮುಂದೆ ಕೂತರು. “ಹೆಂಗ ಓಡಸಾದು? ನನಗೂ ತೋರ್ಸು.”